ಕಾರಿನ ಬಾಗಿಲಿಗೊಂದು ತೇಪೆ

ಹಿಂದಿನ ಕಾಲದ ವೀರರಿಗೆ ಖಡ್ಗವಿತ್ತು, ಗದೆಯಿತ್ತು. ಆ ಬೀದಿಯ ಟೈಲರ್‌ಗೆ ಬಲಗೈ ಹೆಬ್ಬೆರಳಿನ ಉಗುರಿತ್ತು. ಔಷಧದ ಸೀಸೆಯ ಚೀಟಿ, ಗೋಡೆಯ ಸುಣ್ಣದ ಹಕ್ಕಳೆ, ಮೇಜಿನಂಚಿನಲ್ಲಿ ಬಾಯಿಬಿಟ್ಟ ಪ್ಲೈವುಡ್ಡು, ಎಲ್ಲಿ ಏನು ಚೂರು ಮೇಲೆದ್ದರೂ ಅದು ಅಲ್ಲಿಗೆ ಹೋಗಿ ಕೆರೆಯುತ್ತಿತ್ತು. ಒಮ್ಮೆ ಆಸ್ಪತ್ರೆಯಲ್ಲಿ, ನರ್ಸ್ ಆಗಿದ್ದ ಹೆಂಡತಿಯ ಪಾಳಿ ಮುಗಿಯಲೆಂದು ಕಾಯುತ್ತ ಕೂತವನು 'ಮೌನವಾಗಿರಿ' ಎಂಬ ಚೀಟಿಯನ್ನು ಬುಡಸಮೇತ ಕೆರೆದು ತೆಗೆದನಂತೆ. ಆ ವಾರ್ಡಿನಲ್ಲಿ ಅಂದು ಎದ್ದ ಗದ್ದಲ ಇಂದಿಗೂ ಅಡಗಿಲ್ಲವೆಂದು ಪ್ರತೀತಿ.

ಶನಿವಾರ ಮಧ್ಯಾಹ್ನ ಆ ಉಗುರು ತನ್ನ ಯಜಮಾನನನ್ನೇ ಹಳ್ಳಕ್ಕೆ ತಳ್ಳಿತು.

ಮನೆಮುಂದೆ ನಿಂತಿದ್ದದ್ದು ಇಪ್ಪತ್ತೆರಡು ವರ್ಷ ವಯಸ್ಸಿನ ಬಿಳಿ ಕಾರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೆಂಡತಿಯ ಡ್ರೈವಿಂಗ್ ಟೆಸ್ಟು. ಅವಳು ಪಳಗಿದ್ದು ಆ ಕಾರಿನ ಕ್ಲಚ್ಚಿಗೆ ಮಾತ್ರ, ಬೇರೆ ಕಾರಿನಲ್ಲಿ ಎರಡು ಸಲ ಫೇಲಾಗಿದ್ದಳು. ಊರಾಚೆಯ ಹೊಸ ಆಸ್ಪತ್ರೆಯಲ್ಲಿ ಅವಳಿಗೆ ಹೆಡ್ ನರ್ಸ್ ಹುದ್ದೆ ಕಾದಿತ್ತು. ಪಾಳಿ ಬೆಳಿಗ್ಗೆ ಐದಕ್ಕೆ. ಅಷ್ಟು ಹೊತ್ತಿಗೆ ಬಸ್ಸಿಲ್ಲ. ಒಪ್ಪಿಗೆಯೋ ಇಲ್ಲವೋ ಎಂದು ಮಂಗಳವಾರ ಹೇಳಬೇಕಿತ್ತು.

"ನಾನೇ ಬಿಟ್ಟು ಬರ್ತೀನಲ್ಲ" ಎಂದಿದ್ದ ಟೈಲರ್.

"ನಿಮ್ಮ ಓಟದಲ್ಲಿ ನಾನು ಹೋಗಿ ತಲುಪೋಷ್ಟರಲ್ಲಿ ರೋಗಿಗಳೆಲ್ಲ ವಾಸಿಯಾಗಿ ಮನೆಗೆ ಹೋಗಿರ್ತಾರೆ ಕಣ್ರೀ" ಎಂದಿದ್ದಳು ಅವಳು.

ಅಂತೂ ಟೆಸ್ಟಿಗೆ ಕಾರು ಫಳಫಳ ಎನ್ನಲಿ ಎಂದು ಒರೆಸುತ್ತಿದ್ದಾಗ, ಡ್ರೈವರ್ ಬಾಗಿಲಿನ ಕೆಳತುದಿಯಲ್ಲಿ ಅಂಗಿ ಗುಂಡಿಯಷ್ಟು ಅಗಲದ ಒಂದು ಬೊಬ್ಬೆ ಕಂಡಿತು. ಬಣ್ಣ ಉಬ್ಬಿತ್ತು, ಅಷ್ಟೆ. ಮರ್ಯಾದಸ್ಥನಾಗಿದ್ದರೆ ನೋಡಿ ಸುಮ್ಮನಾಗುತ್ತಿದ್ದ. ಇವನ ಹೆಬ್ಬೆರಳು ಆಗಲೇ ಹೊರಟಿತ್ತು. ಕೆರೆದ. ಬಣ್ಣ ಉದುರಿತು. ಮತ್ತೆ ಕೆರೆದ. ಉಗುರು ಬುಡದವರೆಗೆ ಒಳಗೆ ಹೋಯಿತು.

ಬೆರಳನ್ನು ಮೆಲ್ಲಗೆ ಹೊರಗೆಳೆದ, ಜೊತೆಗೆ ಒಂದು ಚೂರು ತಗಡೂ ಬಂತು.

ಎದುರುಮನೆಯ ಮೆಟ್ಟಿಲ ಮೇಲೆ ಕೂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಬೇರೆಯವರ ಕೆಲಸ ನೋಡುವುದೇ ಪಿಂಚಣಿಯ ಮೇಲಿನ ಬೋನಸ್ಸು. "ಏನ್ ಮಾಸ್ಟ್ರೇ, ಕಾರಿಗೆ ಕಿವಿ ಚುಚ್ತಿದ್ದೀರಾ?" ಎಂದ.

"ಸ್ವಲ್ಪ ತುಕ್ಕು. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದಲ್ಲಿ ಗುಂಡಿ ಬಿಲ್ಲೆಯಾಯಿತು. ಅರ್ಧ ಗಂಟೆಯಲ್ಲಿ ಬಿಲ್ಲೆ ತಟ್ಟೆಯಾಯಿತು. ಹರಿದ ಬಟ್ಟೆಗೆ ತೇಪೆ ಹಾಕುವ ಮೊದಲು ಗಟ್ಟಿ ಬಟ್ಟೆ ಸಿಗುವವರೆಗೂ ಜೀರ್ಣವಾದದ್ದನ್ನು ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಮೂವತ್ತು ವರ್ಷ ಇದೇ ಪಾಠ ಕಲಿತ ಕೈ. ತಂತಿ ಬ್ರಷ್ಷು ಹಿಡಿದು ಉಜ್ಜಿದ, ಉಜ್ಜಿದಲ್ಲೆಲ್ಲ ಇನ್ನಷ್ಟು ಕೆಂಪು ಪುಡಿ ಉದುರಿತು. ಬಾಗಿಲಿನ ಒಳಗಣ ಹಲಗೆ ಬಿಚ್ಚಿ ನೋಡಿದರೆ, ಹೊರಗಿನ ತಗಡಿನ ಅಂಚನ್ನು ಪ್ಯಾಂಟಿನ ಕಾಲು ಮಡಚಿದಂತೆ ಒಳಕ್ಕೆ ಮಡಚಿದ್ದಾರೆ! ಆ ಮಡಿಕೆಯಲ್ಲಿ ನೀರಿಳಿಯಲು ಬಿಟ್ಟ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿ, ವರ್ಷಗಟ್ಟಲೆ ನೀರು ನಿಂತು ಅಂಚನ್ನು ತಿಂದು ತೇಗಿತ್ತು.

ಕತ್ತಲಾಗುವ ಹೊತ್ತಿಗೆ ಬಾಗಿಲ ಕೆಳಗೆ ಒಂದೂಕಾಲು ಅಡಿ ಉದ್ದದ ಬಾಯಿ. ಹೆಂಡತಿ ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡದೆಯೇ ನಿಂತು ನೋಡಿದಳು.

"ಬೆಳಿಗ್ಗೆ ಬಾಗಿಲಿತ್ತಲ್ಲ?"

"ಈಗಲೂ ಇದೆ. ಸ್ವಲ್ಪ ಗಿಡ್ಡವಾಗಿದೆ."

ಅವಳು ನಗಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಅವನು ಯುದ್ಧಕ್ಕಿಳಿದ. ತಗಡು ಶನಿವಾರವೇ ತಂದಾಗಿತ್ತು, ಒಂದೇ ತುಂಡು. ತಗಡಿನ ಅಂಗಡಿ ಇನ್ನು ತೆರೆಯುವುದು ಸೋಮವಾರ ಹನ್ನೊಂದಕ್ಕೆ. ತುಕ್ಕು ಕೊಲ್ಲುವ ದ್ರಾವಣ ಹಚ್ಚಿದ. ಕಂದು ಕಾಗದವನ್ನು ಬಾಗಿಲಿಗೆ ಒತ್ತಿ ಹಿಡಿದು ಮಾದರಿ ಬಿಡಿಸಿಕೊಂಡ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮಡಿಕೆಗೆಂದು ಅರ್ಧ ಇಂಚು ಹೆಚ್ಚಿಗೆ ಬಿಟ್ಟ. ಸೀಮೆಸುಣ್ಣದಿಂದ ತಗಡಿನ ಮೇಲೆ ಗೆರೆ ಎಳೆದು, ತಗಡಿನ ಕತ್ತರಿಯಿಂದ ಕತ್ತರಿಸಿ, ಮರದ ತುಂಡಿನ ಮೇಲಿಟ್ಟು ಅಂಚನ್ನು ಬಡಿದು ಬಡಿದು ಮಡಚಿದ. ಸೂಟಿನ ಜೇಬಿನ ಪಟ್ಟಿಯೂ ನಾಚಬೇಕು, ಅಂಥ ಮಡಿಕೆ.

ಬಾಗಿಲಿಗೆ ಹಿಡಿದು ನೋಡಿದ. ಅಗಲವಿರಬೇಕಾದ ಕಡೆ ಕಿರಿದು, ಕಿರಿದಿರಬೇಕಾದ ಕಡೆ ಅಗಲ. ತಿರುಗಿಸಿ ಹಿಡಿದರೆ ಮಡಿಕೆ ಹೊರಗೆ ನಾಲಿಗೆ ಚಾಚಿತು. ಮಾದರಿಯನ್ನು ಮಗುಚಿಟ್ಟು ಕತ್ತರಿಸಿಬಿಟ್ಟಿದ್ದ.

ತುಂಡನ್ನು ಹತ್ತು ಸಲ ತಿರುಗಿಸಿ ನೋಡಿದ, ಹನ್ನೊಂದನೆಯ ಸಲವಾದರೂ ಅದಕ್ಕೆ ಬುದ್ಧಿ ಬಂದೀತೆಂದು.

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ರೀ, ಒಂದು ಮಾತು ಕೇಳ್ಲಾ? ಮೂವತ್ತು ವರ್ಷದಲ್ಲಿ ಒಂದು ಅಂಗಿಗಾದ್ರೂ ಎರಡೂ ಎಡಗಡೆ ತೋಳು ಕತ್ತರಿಸಿದ್ದೀರಾ?"

"ಇಲ್ಲ."

"ಮತ್ತೆ ಇವತ್ತೇ ಯಾಕೆ ಹೀಗಾಯ್ತು? ನಿನ್ನೆಯಿಂದ ನೋಡ್ತಿದ್ದೀನಿ. ಗುಂಡಿಯಷ್ಟಿದ್ದದ್ದನ್ನ ಕಿಟಕಿ ಮಾಡಿದ್ರಿ. ಇವತ್ತು ತಗಡು ಉಲ್ಟಾ. ನಾನು ಟೆಸ್ಟಿಗೆ ಹೋಗೋದು ನಿಮಗೆ ಇಷ್ಟವಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಪಾಪದ ಕಾರನ್ನ ಯಾಕೆ ತಿಂತೀರಿ?"

"ಏನೇ ಮಾತು ಇದು! ನಾನು ಬೇಕಂತಲೇ ಮಾಡ್ತೀನಾ?" ಎಂದು ಟೈಲರ್ ಹೂಂಕರಿಸಿದ. ದನಿ ಮಾತ್ರ ಅರ್ಧದಲ್ಲೇ ಕೀರಲಾಯಿತು. ಹೊಸ ಆಸ್ಪತ್ರೆಗೆ ಹೋಗುವ ಹೆದ್ದಾರಿ, ಬೆಳಗಿನ ಜಾವದ ಮಂಜು, ಸಾಲುಗಟ್ಟಿ ನುಗ್ಗುವ ಲಾರಿಗಳು, ಅವುಗಳ ನಡುವೆ ಈ ಹಳೇ ಕಾರಿನ ಎರಡು ಮಂಕು ದೀಪ, ಇದನ್ನೇ ಕನಸಿನಲ್ಲಿ ಕಂಡು ಹೋದ ತಿಂಗಳಿಂದ ಅವನು ದಿನಾ ಬೆಳಿಗ್ಗೆ ಐದಕ್ಕೆ ಬೆಚ್ಚಿ ಎದ್ದು ಕೂರುತ್ತಿದ್ದ. ಪಕ್ಕದಲ್ಲಿ ಅವಳು ಗೊರಕೆ ಹೊಡೆಯುತ್ತಿರುತ್ತಿದ್ದಳು. ಅದನ್ನು ಕೇಳಿಯೇ ಮತ್ತೆ ನಿದ್ದೆ.

ಅವಳು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ತುಸು ಜೋರಾಗಿಯೇ ಕೇಳಿತು.

ಟೈಲರ್ ತುಂಡು ತಗಡನ್ನು ನೋಡಿದ. ಇನ್ನೊಂದು ಬೇಕು, ಅದೂ ಇವತ್ತೇ. ಆಮೇಲೆ ಎದ್ದು, ಏಣಿ ಹೆಗಲಿಗೇರಿಸಿ, ಬೀದಿಯ ಮೂಲೆಯಲ್ಲಿದ್ದ ತನ್ನ ಅಂಗಡಿಗೆ ನಡೆದ. ಅಂಗಡಿಯ ನೆತ್ತಿಯ ಮೇಲೆ ತಗಡಿನ ಬೋರ್ಡು: 'ಸೂಟ್ ಸ್ಪೆಷಲಿಸ್ಟ್'. ಮೊದಲ ವರ್ಷದ ದುಡಿಮೆಯಲ್ಲಿ ಬರೆಸಿದ್ದು. ಒರೆಸಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರ ಕೈಯನ್ನೂ ಅದರ ಮೇಲೆ ಬೀಳಲು ಬಿಟ್ಟವನಲ್ಲ. ಏಣಿ ಹತ್ತಿ ನಾಲ್ಕು ಮೊಳೆ ಕಿತ್ತ. ಕೆಳಗಿಳಿಸಿ, ಕಾಗದದ ಮಾದರಿಯನ್ನಿಟ್ಟು, ಈ ಕಡೆ ಒಮ್ಮೆ ಆ ಕಡೆ ಒಮ್ಮೆ, ಹೀಗೆ ಏಳು ಸಲ ನೋಡಿ, ಕಣ್ಣು ಮುಚ್ಚಿ ಕತ್ತರಿಸಿದ.

"ಮಾಸ್ಟ್ರೇ!" ಪೋಸ್ಟ್‌ಮ್ಯಾನ್ ಓಡೋಡಿ ಬಂದ. "ಸ್ಪೆಷಲಿಸ್ಟನ್ನೇ ಕೊಯ್ದುಬಿಟ್ರಾ?"

"ಸೂಟ್ ಉಳಿದಿದೆಯಲ್ಲ ಸ್ವಾಮಿ. ಸಾಕು."

ಬೋರ್ಡಿನ ತುಂಡು ಹೊತ್ತು ಬಂದವನನ್ನು ಹೆಂಡತಿ ಕಿಟಕಿಯಿಂದ ನೋಡಿದಳು. ಹೊರಗೆ ಬಂದು, ಸೆರಗು ಸಿಕ್ಕಿಸಿ, ತಗಡಿನ ಒಂದು ತುದಿಯನ್ನು ಬಾಗಿಲಿಗೆ ಒತ್ತಿ ಹಿಡಿದಳು. ಗಾಯ ಹೊಲಿಯುವಾಗ ಡಾಕ್ಟರಿಗೆ ಹಿಡಿದುಕೊಟ್ಟು ಅಭ್ಯಾಸವಿದ್ದ ಕೈ, ಅಲುಗಲಿಲ್ಲ. ಸಂಜೆಯೊಳಗೆ ರಿವೆಟ್ಟುಗಳು ಕೂತವು, ಸಂದಿಗೆ ಅಂಟು ತುಂಬಿತು, ನೀರಿಳಿಯಲು ಮೂರು ಹೊಸ ತೂತುಗಳಾದವು, ಮೇಲೆ ಕೆಂಪು ಪ್ರೈಮರ್ ಬಿತ್ತು. ಬಿಳಿ ಬಣ್ಣಕ್ಕೆ ಹೊತ್ತಿರಲಿಲ್ಲ. ಬಿಳಿ ಕಾರು ಎಲೆಯಡಿಕೆ ಹಾಕಿದವರಂತೆ ಕೆಂಪು ತುಟಿ ಮಾಡಿಕೊಂಡು ನಿಂತಿತು.

ಸೋಮವಾರ ಟೆಸ್ಟಿನ ಮೈದಾನದಲ್ಲಿ ಟೈಲರ್ ಬೆಂಚಿನ ತುದಿಯಲ್ಲಿ ಕೂತ. ಇನ್‌ಸ್ಪೆಕ್ಟರ್ ಕಾರನ್ನು ಒಂದು ಸುತ್ತು ಹಾಕಿ, ಡ್ರೈವರ್ ಬಾಗಿಲಿನ ಎದುರು ನಿಂತು, ಅದನ್ನು ತೆಗೆದು ಧಡಾರನೆ ಬಡಿದ. ಟೈಲರ್ ಬೆಂಚಿನಿಂದ ಅರ್ಧ ಎದ್ದ. ಬಾಗಿಲು ಜಗ್ಗಲಿಲ್ಲ. ಕಾರು ಹೊರಟಿತು, ತಿರುವಿನಲ್ಲಿ ಮರೆಯಾಯಿತು. ಹದಿನೈದು ನಿಮಿಷ. ಇಪ್ಪತ್ತು. ಅವನು ಕಣ್ಣಾರೆ ಮೂರು ಲಾರಿಗಳನ್ನೂ ಒಂದು ಅಪಘಾತವನ್ನೂ ಕಂಡ, ಆದರೆ ಮೈದಾನದಲ್ಲಿ ನಿಜವಾಗಿ ಇದ್ದದ್ದು ಒಂದು ಮೇಯುವ ಕತ್ತೆ ಮಾತ್ರ. ಆಮೇಲೆ ತಿರುವಿನಲ್ಲಿ ಕಾರು ಕಾಣಿಸಿತು. ಬಂದು ನಿಂತಿತು. ಅವಳು ಇಳಿದು, ಇನ್‌ಸ್ಪೆಕ್ಟರ್ ಸಹಿ ಹಾಕಿದ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದಳು.

ಪಾಸು.

ಮನೆಗೆ ಅವಳೇ ಓಡಿಸಿದಳು. ಅವನು ಪಕ್ಕದಲ್ಲಿ ಸೀಟಿನಂಚು ಹಿಡಿದು, ಇಲ್ಲದ ಬ್ರೇಕನ್ನು ತುಳಿಯುತ್ತ ಕೂತಿದ್ದ.

"ನಾಳೆ ಒಪ್ಪಿಗೆ ಕೊಡ್ತೀನಿ" ಎಂದಳು.

"ಕೊಡು."

"ಈಗಲಾದ್ರೂ ನಿಜ ಹೇಳಿ. ಬೈಯಲ್ಲ. ಆ ತಗಡನ್ನ ಬೇಕಂತಲೇ ಉಲ್ಟಾ ಕತ್ತರಿಸಿದ್ರಾ?"

ಟೈಲರ್ ಇಲ್ಲದ ಬ್ರೇಕನ್ನು ಇನ್ನೊಮ್ಮೆ ತುಳಿದ.

"ನನಗೂ ಗೊತ್ತಿಲ್ಲ ಕಣೇ" ಎಂದ. "ಗೇರ್ ಬದಲಾಯಿಸು."