ಟ್ರ್ಯಾಕ್ಟರ್ ಬಿಡು

ಮೊನ್ನೆ ಶನಿವಾರ ಹಿತ್ತಲಿನ ಕರಿಬೇವಿನ ಕುಂಡವನ್ನು ಬಿಸಿಲಿಗೆ ಸರಿಸಲು ಹೋದೆ. ನೆವಾರ್ಕಿನಲ್ಲಿ ಕರಿಬೇವು ಬೆಳೆಸುವುದೆಂದರೆ ಹಸುಗೂಸು ಸಾಕಿದ ಹಾಗೆ. ಒಳಗಿಟ್ಟರೆ ನುಸಿ, ಹೊರಗಿಟ್ಟರೆ ಶೀತ. ಕುಂಡ ಎತ್ತಿದಾಗ ಅದರ ಕೆಳಗೆ ಒಂದು ಕಬ್ಬಿಣದ ತಟ್ಟೆ ಕಂಡಿತು. ಅಂಗೈಗಿಂತ ಅಗಲ, ಸುಮಾರು ಮೊಳದುದ್ದ. ಅದರ ಚೂಪಾದ ಏಣು ಮಣ್ಣಿನಲ್ಲಿ ಹೂತು ಹೋಗಿತ್ತು. ನಾನೇ ಇಟ್ಟಿದ್ದೆ, ಮರೆತಿದ್ದೆ. ಕಿತ್ತು ಮೂಗಿನ ಹತ್ತಿರ ಹಿಡಿದೆ. ತುಕ್ಕು, ಒದ್ದೆ ಮಣ್ಣು, ಅದರೊಳಗೆಲ್ಲೋ ಹಳೇ ಗ್ರೀಸಿನ ವಾಸನೆ... ಪಕ್ಕದ ಮನೆಯ ಡಾಕ್ಟರು ಬೇಲಿಯ ಮೇಲಿಂದ ಇಣುಕಿದ ಹಾಗಾಯಿತು.

ಡಾಕ್ಟರು ಹಾಸನದ ಕಡೆಯವರು, ಮಕ್ಕಳ ಡಾಕ್ಟರು. ನಾವು ಈ ಮನೆಗೆ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ಎತ್ತರದ ಆಳು, ಹಿತ್ತಲಿನಲ್ಲೂ ಇಸ್ತ್ರಿ ಮಾಡಿದ ಅಂಗಿ. ಅವರ ಹೆಂಡತಿ ಧಾರವಾಡದವರು, ನನಗೆ ಆಂಟಿ. ಇಬ್ಬರೂ ಈ ದೇಶಕ್ಕೆ ಬಂದು ಒಂದು ಆಯುಷ್ಯವೇ ಕಳೆದಿತ್ತು. ಆದರೂ ಹಾಸನ ಧಾರವಾಡದ ಹತ್ತಿರ ಒಂದು ಅಂಗುಲವೂ ಸರಿದಿರಲಿಲ್ಲ, ಧಾರವಾಡ ಹಾಸನದ ಹತ್ತಿರವೂ ಅಷ್ಟೇ. ಬೇಲಿಯಾಚೆ ಅವರ ಮಾತು ಕೇಳುತ್ತಾ ಬಟ್ಟೆ ಮಡಿಸುವುದು ನನ್ನ ಭಾನುವಾರದ ಮನರಂಜನೆಯಾಗಿತ್ತು.

ಒಂದು ದಿನ ಆಫೀಸಿನಿಂದ ಬಂದರೆ ಬೀದಿಗೆ ಅಡ್ಡವಾಗಿ ಒಂದು ಟ್ರಕ್ಕು ನಿಂತಿತ್ತು. ಅದರ ಮೇಲೆ ತುಕ್ಕು ಹಿಡಿದ ಒಂದು ಟ್ರ್ಯಾಕ್ಟರು. ಅದಕ್ಕೆ ಚಕ್ರಗಳಿರಲಿಲ್ಲ. ಬುಲ್ಡೋಜರಿಗೆ ಇರುತ್ತವಲ್ಲ, ಹಾಗೆ ಎರಡು ಪಕ್ಕದಲ್ಲೂ ಕಬ್ಬಿಣದ ಪಟ್ಟಿಗಳು, ನೆಲದ ಮೇಲೆ ತೆವಳಿಕೊಂಡು ಹೋಗುವ ಜಾತಿ. ಟ್ರೇಸಿ ಎಂಬ ಊರಿನ ಕಡೆಯ ಯಾವುದೋ ಅಕ್ರೋಟಿನ ತೋಪಿನಲ್ಲಿ ನನ್ನ ಅಪ್ಪನ ವಯಸ್ಸಿನಷ್ಟು ಕಾಲ ಇದ್ದದ್ದಂತೆ. ಪಟ್ಟಿಯ ಏಣುಗಳು ಡಾಂಬರನ್ನು ಕಿತ್ತು ಹಾಕುತ್ತವೆಂದು ಪ್ಲೈವುಡ್ ಹಲಗೆ ಹಾಸಿ, ಹಗ್ಗ ಕಟ್ಟಿ ಹಿತ್ತಲಿಗೆ ಎಳೆದರು. ಆಂಟಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಮಂದಿ ರಿಟೈರ್ ಆದ್ರ ಕಾಶಿಗೆ ಹೋಗ್ತಾರ. ಇವರು ಕಬ್ಬಿಣ ತಂದ್ರು," ಅಂದರು.

ಯಾಕೆ ತಂದರು ಎಂಬುದು ಯಾರಿಗೂ ತಿಳಿಯಲಿಲ್ಲ. ಕೇಳಿದವರಿಗೆಲ್ಲ ಒಂದೊಂದು ಉತ್ತರ. ನನ್ನ ಗಂಡ ಕೇಳಿದರೆ, ಕೈ ಸುಮ್ಮನಿದ್ದರೆ ನಡುಕ ಬರುತ್ತದೆ ಅಂದರು. ದೇವಸ್ಥಾನದಲ್ಲಿ ಯಾರಿಗೋ, ಚಿಕ್ಕಂದಿನಲ್ಲಿ ಕೆರೆಯ ಕೆಲಸಕ್ಕೆ ಇಂಥದ್ದು ಬಂದಿತ್ತು, ಮುಟ್ಟಲು ಬಿಟ್ಟಿರಲಿಲ್ಲ ಅಂದರಂತೆ. ನಾನು ಕೇಳಿದಾಗ ಮಾತ್ರ ಸ್ವಲ್ಪ ಯೋಚನೆ ಮಾಡಿ, "ಇದು ಮನುಷ್ಯ ನಡೆಯೋ ಅಷ್ಟೇ ಸ್ಪೀಡಲ್ಲಿ ಹೋಗೋದು ಕಣಮ್ಮ. ಯಾರಿಗೂ ಭಯ ಆಗಲ್ಲ, ಅಲ್ವಾ?" ಅಂದರು. ಭಯದ ಮಾತು ಎಲ್ಲಿಂದ ಬಂತೋ ನನಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಒಳಗೆ ಬಂದೆ.

ಇಂಜಿನು ಹಿಡಿದುಕೊಂಡಿತ್ತು. ಒಳಗಿನ ಪಿಸ್ಟನ್ನುಗಳು ತುಕ್ಕಿನಲ್ಲಿ ಅಂಟಿ ಕೂತಿದ್ದವು. ಡಾಕ್ಟರು ದಿನಾ ಬೆಳಿಗ್ಗೆ ಅದರ ಮೇಲಿನ ತೂತುಗಳಿಗೆ ಒಂದಿಷ್ಟು ಡೀಸೆಲ್ ಸುರಿದು, ಸಂಜೆ ಮುಂದಿನ ಹ್ಯಾಂಡಲ್ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಜೋರು ಮಾಡುತ್ತಿರಲಿಲ್ಲ. "ಎಲ್ಲಿ, ಆ ಮಾಡು... ಜಾಣ, ಜಾಣ," ಎಂದು ಮಗುವಿನ ಬಾಯಿ ತೆರೆಸುವ ದನಿಯಲ್ಲಿ ಮಾತಾಡಿಸುತ್ತಿದ್ದರು. ತಿಂಗಳುಗಟ್ಟಲೆ ಇದೇ ನಡೆಯಿತು. ಕೊನೆಗೊಂದು ಸಂಜೆ ಹ್ಯಾಂಡಲ್ ಕೂದಲೆಳೆಯಷ್ಟು ತಿರುಗಿತು. ಡಾಕ್ಟರು ಒಳಗೆ ಓಡಿಹೋಗಿ ಸ್ಟೆತಾಸ್ಕೋಪು ತಂದು ಇಂಜಿನಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾ ಕೂತರು. "ನನ್ನ ಎದಿಗೆ ಒಮ್ಮೆರೆ ಹಿಂಗ ಹಚ್ಚಿ ನೋಡಿದ್ರೇನು?" ಎಂದು ಆಂಟಿ ಅಡುಗೆಮನೆಯ ಕಿಟಕಿಯಿಂದ ಕೇಳಿದರು. ಡಾಕ್ಟರು ಬೆರಳೆತ್ತಿ ಸುಮ್ಮನಿರಲು ಹೇಳಿದರು. ನಾನು ಬೇಲಿಯ ಈಚೆ ನಗು ತಡೆಯಲಾರದೆ ಒಳಗೆ ಓಡಿದೆ.

ಮುಂದಿನ ಬೇಸಗೆಯಲ್ಲಿ ಅದು ಹೊಗೆಯುಗುಳುತ್ತಾ ಚಾಲೂ ಆಯಿತು. ಡಾಕ್ಟರು ಆಂಟಿಯ ಮೆಂತ್ಯದ ಮಡಿಯ ಮೇಲೆ ಹಾಯಿಸಿಕೊಂಡು ಹಿತ್ತಲನ್ನು ಒಂದು ಸುತ್ತು ಹಾಕಿದರು. ಇಳಿದವರೇ ಬೇಲಿಯ ಮೇಲಿಂದ, "ನಾನು ಟ್ರ್ಯಾಕ್ಟರ್ ಬಿಟ್ಟೆ! ನೋಡಿದ್ಯಾ?" ಎಂದು ನನಗೆ ಕೂಗಿದರು. ಒಳಗಿಂದ ಆಂಟಿ, "ಅಯ್ಯ, ಬಿಟ್ರಿ? ಪುಣ್ಯಾತ್ಮರು! ಇವತ್ತ ಸಜ್ಜಕ ಮಾಡ್ತೀನಿ," ಅಂದರು.

ಇದು ಅವರಿಬ್ಬರ ಹಳೇ ಆಟ. ಹಾಸನದವರಿಗೆ ಗಾಡಿ ಬಿಡುವುದೆಂದರೆ ಓಡಿಸುವುದು. ಧಾರವಾಡದಲ್ಲಿ ಗಾಡಿ ಹೊಡೆಯುತ್ತಾರೆ, ಬಿಡುವುದೆಂದರೆ ಬಿಟ್ಟೇ ಬಿಡುವುದು. ಮದುವೆಯಾದ ಹೊಸದರಲ್ಲಿ ಡಾಕ್ಟರು, "ನಾನು ಕಾರ್ ಬಿಡ್ತೀನಿ, ನೀನು ಕೂತ್ಕೋ," ಅಂದದ್ದಕ್ಕೆ ಆಂಟಿ, ಕಾರು ಬಿಟ್ಟು ನಡೆದು ಹೋಗೋಣ ಅನ್ನುತ್ತಿದ್ದಾರೆಂದುಕೊಂಡು ಸೀರೆ ಎತ್ತಿ ಕಟ್ಟಿ ಮನೆಯಿಂದ ನಡೆದೇ ಹೊರಟಿದ್ದರಂತೆ. ಆ ಕತೆಯನ್ನು ಇಬ್ಬರೂ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಪ್ರತಿ ಸಲವೂ ಜಗಳವಾಡುತ್ತಿದ್ದರು.

ಆಂಟಿ ಇಲ್ಲಿ ಬಂದ ಹೊಸದರಲ್ಲಿ ಕಾರು ಕಲಿತಿದ್ದರು. ಒಮ್ಮೆ ಫ್ರೀವೇಯ ನಡುಲೇನಿನಲ್ಲಿ ಕಾರು ಕೆಟ್ಟು ನಿಂತು, ಎಡಕ್ಕೂ ಬಲಕ್ಕೂ ಟ್ರಕ್ಕುಗಳು ಹಾರಿಹೋಗುತ್ತಿರುವಾಗ ಪೊಲೀಸರು ಬರುವವರೆಗೆ ಒಬ್ಬರೇ ಕೂತಿದ್ದರಂತೆ. ಅಂದಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಗ್ರೋಸರಿಗೆ ಹೋಗಬೇಕೆಂದರೂ ಡಾಕ್ಟರೇ ಆಗಬೇಕು, ಇಲ್ಲವೇ ನಾನು.

ಟ್ರ್ಯಾಕ್ಟರು ಚಾಲೂ ಆದ ಮೇಲೆ ಡಾಕ್ಟರು ಆಂಟಿಯ ಹಿಂದೆ ಬಿದ್ದರು. "ಒಂದೇ ಒಂದ್ಸಲ ಕೂತ್ಕೋ. ಇದಕ್ಕೆ ಸ್ಟಿಯರಿಂಗೇ ಇಲ್ಲ ನೋಡು." ನಿಜ, ಅದಕ್ಕೆ ಇದ್ದದ್ದು ಎರಡು ಸನ್ನೆಕೋಲು. ಬಲಗಡೆಯದನ್ನು ಎಳೆದರೆ ಬಲದ ಪಟ್ಟಿಗೆ ಇಂಜಿನಿನ ಬಲ ತಪ್ಪುತ್ತದೆ, ಎಡದ್ದು ಮಾತ್ರ ನೂಕುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. "ಯಾವ ಕಡೆ ಹೋಗ್ಬೇಕೋ ಆ ಕಡೇ ಪಟ್ಟೀನ ಬಿಡಬೇಕು, ಅಷ್ಟೇ," ಎಂದು ನನಗೂ ವಿವರಿಸಿದ್ದರು. ನನಗೆ ಆಗ ತಲೆಬುಡ ತಿಳಿಯಲಿಲ್ಲ. ಆಂಟಿ ಕಿವಿಗೇ ಹಾಕಿಕೊಳ್ಳಲಿಲ್ಲ. ಆ ವರ್ಷದ ಆಯುಧಪೂಜೆಗೆ ಮಾತ್ರ ಕುಂಕುಮ ಹಚ್ಚಲು ಹತ್ತಿರ ಬಂದರು. ಚಕ್ರವಿಲ್ಲದ ಗಾಡಿಗೆ ಎಷ್ಟು ನಿಂಬೆಹಣ್ಣು ಎಂಬ ಪ್ರಶ್ನೆ ಎದ್ದಿತು. ಪಟ್ಟಿ ಎರಡಲ್ಲವೇ, ಎರಡು ಸಾಕು ಎಂದು ಡಾಕ್ಟರು. ಗಾಡಿ ಅಂದಮೇಲೆ ನಾಲ್ಕು ಎಂದು ಆಂಟಿ. ಕೊನೆಗೆ ನಾಲ್ಕೇ ಇಟ್ಟರು. ಡಾಕ್ಟರು ಗಾಡಿ ಮೇಲಿಂದ, "ಬಾ, ನೀನೇ ಬಿಡು," ಎಂದು ಕೈ ಚಾಚಿದರು. ಆಂಟಿ ಆರತಿ ತಟ್ಟೆ ಹಿಡಿದು ಒಳಗೆ ಹೋಗಿಬಿಟ್ಟರು.

ಮಾರನೆಯ ವರ್ಷ ಡಾಕ್ಟರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ಆಂಟಿಯನ್ನು ದಿನಾ ನಾನೇ ಕರೆದೊಯ್ಯುತ್ತಿದ್ದೆ. ಒಂದು ದಿನ ಆಂಟಿಗೆ ಜ್ವರ, ಕೆಮ್ಮು. ಆ ವಾರ್ಡಿಗೆ ಕೆಮ್ಮುವವರನ್ನು ಬಿಡುವುದಿಲ್ಲವೆಂದು ನಾನೊಬ್ಬಳೇ ಹೋದೆ. ಡಾಕ್ಟರ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಹೇಳು... ಟ್ರ್ಯಾಕ್ಟರ್ ಬಿಡು ಅಂತ," ಅಂದರು. "ಹೇಳ್ತೀನಿ ಅಂಕಲ್," ಅಂದೆ. ಅಷ್ಟರಲ್ಲಿ ನರ್ಸು ಬಂದಳು. ಇನ್ನೇನೂ ಮಾತಾಗಲಿಲ್ಲ. ಬೆಳಗಿನ ಜಾವ ಅವರ ಮಗಳ ಫೋನು ಬಂತು, ಡಾಕ್ಟರು ಇರಲಿಲ್ಲ.

ಕರ್ಮಾಂತರವೆಲ್ಲ ಮುಗಿದ ಮೇಲೆ ಆಂಟಿಗೆ ಆ ಮಾತು ಹೇಳಿದೆ. ಹೇಳುವಾಗ ನನಗದರಲ್ಲಿ ಗೊಂದಲವೇನೂ ಕಂಡಿರಲಿಲ್ಲ. ನಾನು ಬೆಂಗಳೂರಿನವಳು, ಟ್ರ್ಯಾಕ್ಟರ್ ಬಿಡು ಅಂದರೆ ಓಡಿಸು ಎಂದೇ ಕೇಳಿಸಿಕೊಂಡಿದ್ದೆ. ಆಂಟಿ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಬಿಡು ಅಂದ್ರು?"

"ಹೂಂ ಆಂಟಿ."

"ಯಾವ ಬಿಡು?"

ಹೌದಲ್ಲ, ಯಾವ ಬಿಡು? ಓಡಿಸು ಎಂದೋ, ನಿನಗೇಕೆ ಆ ಕಬ್ಬಿಣ, ಕೊಟ್ಟುಬಿಡು ಎಂದೋ, ಇಲ್ಲಾ ನಾವೆಲ್ಲ ಅನ್ನುತ್ತೇವಲ್ಲ, ಹೋಗ್ಲಿ ಬಿಡು ಅಂತ, ಹಾಗೆ ಸುಮ್ಮನೆ ನಿಟ್ಟುಸಿರಿನ ಜೊತೆ ಬಂದ ಬಿಡುವೋ? ಸಾಯುವ ಮನುಷ್ಯ ಹೆಂಡತಿಗೆ ಟ್ರ್ಯಾಕ್ಟರು ಓಡಿಸು ಎಂದು ಹೇಳಿ ಕಳಿಸುತ್ತಾನೆಯೇ? ಆದರೆ ಟ್ರ್ಯಾಕ್ಟರು ಚಾಲೂ ಆದಾಗಿನಿಂದ ಅವರು ಬೇಡಿಕೊಂಡದ್ದು ಅದನ್ನೇ ಅಲ್ಲವೇ? ಆಂಟಿಯೊಂದಿಗೆ ಮಾತಾಡುವಾಗ ಅವರು ಯಾವ ಊರಿನ ಕನ್ನಡದಲ್ಲಿ ಯೋಚಿಸುತ್ತಿದ್ದರು? ಯೋಚಿಸಿದಷ್ಟೂ ಕಲಸುಮೇಲೋಗರವಾಯಿತು. "ಹೆಂಗ ಅಂದ್ರು, ಹಂಗ ಅಂದು ತೋರಿಸವಾ," ಅಂದರು ಆಂಟಿ. ಆ ಕೊರಳು, ಆ ನಡುವಿನ ತಡೆ, ಎಲ್ಲ ಆಗಿನ್ನೂ ಕಿವಿಯಲ್ಲಿತ್ತು. ಹಾಗೇ ಅಂದು ತೋರಿಸಿದೆ. ಆಂಟಿ ತಲೆಬಾಗಿಸಿ ಕೇಳಿದರು. "ತಿಳೀವಲ್ದು," ಅಂದರು.

ಲಾಸ್ ಆಲ್ಟೋಸಿನಲ್ಲಿದ್ದ ಅವರ ಮಗಳಿಗೆ ಯಾವ ಗೊಂದಲವೂ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಬಿಡು. "ಅಮ್ಮಾ, ಇಟ್ಸ್ ಸೋ ಕ್ಲಿಯರ್. ಹಿ ವಾಂಟೆಡ್ ಯೂ ಟು ಲೆಟ್ ಇಟ್ ಗೋ," ಅಂದಳು. ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು, ಟ್ರ್ಯಾಕ್ಟರಿಗೂ ಗಿರಾಕಿ ಸಿಕ್ಕ. ಇಂಥ ಹಳೇ ಗಾಡಿಗಳನ್ನೇ ಕೂಡಿಸುವ ಬಿಳಿ ಗಡ್ಡದ ಅಜ್ಜ, ತಾನೇ ಟ್ರಕ್ಕು ತಂದಿದ್ದ.

ಬೇಲಿಗೆ ಒರಗಿಸಿದ್ದ ಹಳೇ ಪ್ಲೈವುಡ್ ಹಲಗೆಗಳನ್ನು ಹಿತ್ತಲಿನಿಂದ ಬೀದಿಯವರೆಗೆ ಹಾಸಿದೆವು. ಅಜ್ಜ ಇಂಜಿನು ಚಾಲೂ ಮಾಡಿ ಹತ್ತಲು ಕಾಲೆತ್ತಿದ. ಆಗ ಆಂಟಿ ಹೊರಗೆ ಬಂದರು. ಸೀರೆ ಎತ್ತಿ ಕಟ್ಟಿದ್ದರು, ಕಾಲಿಗೆ ಡಾಕ್ಟರ ವಾಕಿಂಗ್ ಶೂ, ಕೈಯಲ್ಲಿ ಎರಡು ನಿಂಬೆಹಣ್ಣು. ನಾಲ್ಕಲ್ಲ, ಎರಡು. ಪಟ್ಟಿಗೊಂದರಂತೆ ಇಟ್ಟು, "ನಾ ಹೊಡೀತೀನಿ," ಅಂದರು. ಮಗಳು, "ಅಮ್ಮಾ, ನೋ!" ಎಂದು ಕಿರುಚಿದಳು. ಅಜ್ಜನಿಗೆ ಏನು ಅರ್ಥವಾಯಿತೋ, ಟೋಪಿ ತೆಗೆದು ಪಕ್ಕಕ್ಕೆ ಸರಿದು ನಿಂತ.

ಆಂಟಿಗೆ ಎಲ್ಲಾ ಗೊತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಅವರು ಬರೀ ಬೈದಿರಲಿಲ್ಲ, ನೋಡಿಯೂ ಇದ್ದರು. ಗಾಡಿ ಗುಡುಗುಡು ಎಂದು ಹೊರಟಿತು, ನಾವು ಅಕ್ಕಪಕ್ಕದಲ್ಲಿ ನಡೆದೆವು. ನಿಜಕ್ಕೂ ನಡೆಯುವಷ್ಟೇ ವೇಗ. ಅವರ ಗ್ಯಾರೇಜಿನ ಮೂಲೆಯಲ್ಲಿ ಬಲಕ್ಕೆ ತಿರುಗಬೇಕಿತ್ತು. ಆಂಟಿ ಎರಡೂ ಕೋಲು ಬಿಗಿಯಾಗಿ ಹಿಡಿದು ನೇರ ನಮ್ಮ ಬೇಲಿಯ ಕಡೆ ಬರತೊಡಗಿದರು. "ಬಲಗಡೆದು ಎಳೀರಿ ಆಂಟಿ! ಬಲಗಡೆ ಪಟ್ಟಿ ಬಿಡಿ!" ಎಂದು ನಾನು ಕೂಗಿದೆ. ಒಂದು ಗಳಿಗೆ ನನ್ನತ್ತ ನೋಡಿ ಕೋಲು ಎಳೆದರು. ಗಾಡಿ ತಿರುಗಿತು, ಹಲಗೆ ಚಟಚಟನೆ ಸೀಳಿತು. ಟ್ರಕ್ಕಿನ ಬುಡಕ್ಕೆ ತಂದು ನಿಲ್ಲಿಸಿ ಇಳಿದರು. ಮುಖವೆಲ್ಲ ಬೆವರು, ಕಣ್ಣೀರು.

"ಹೊಡದದ್ದೂ ಆತು, ಬಿಟ್ಟದ್ದೂ ಆತು. ಯಾವುದು ಅಂದಿದ್ರೋ ಅವರೇ ಆರಿಸ್ಕೊಳ್ಳಲಿ," ಅಂದರು. ಡಾಕ್ಟರ ಶೆಡ್ಡಿನಲ್ಲಿ ಉಳಿದಿದ್ದ ಪಟ್ಟಿಯ ಬಿಡಿ ತಟ್ಟೆಯೊಂದನ್ನು ಹೋಗುವ ಮುಂಚೆ ನನಗೆ ಕೊಟ್ಟರು. ಯಾಕೆ ಎಂದು ನಾನೂ ಕೇಳಲಿಲ್ಲ.

ಮೊನ್ನೆ ಆ ತಟ್ಟೆಯನ್ನು ತೊಳೆದು ಬಿಸಿಲಿಗಿಟ್ಟು ಆಂಟಿಗೆ ಫೋನು ಮಾಡಿದೆ. ಈಗ ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಹಿತ್ತಲಿಗೆ ಸಿಮೆಂಟು ಹಾಕಿಸಿದ್ದಾರೆ. ಆಂಟಿಯ ಕಿವಿ ಸ್ವಲ್ಪ ಮಂದವಾಗಿದೆ. ತಟ್ಟೆಯ ಸುದ್ದಿ ಕೇಳಿ ನಕ್ಕರು. ಆಮೇಲೆ, ಪ್ರತಿ ಸಲ ಫೋನು ಮಾಡಿದಾಗಲೂ ಕೇಳುವುದನ್ನೇ ಕೇಳಿದರು.

"ಇನ್ನೊಮ್ಮೆ ಹೇಳವಾ. ಅವತ್ತ ಹೆಂಗ ಅಂದ್ರು?"

ಎಷ್ಟೋ ಸಲ ಹೇಳಿದ ಮಾತು. "ಅವಳಿಗೆ ಹೇಳು... ಟ್ರ್ಯಾಕ್ಟರ್ ಬಿಡು ಅಂತ," ಅಂದೆ. ಅನ್ನುತ್ತಿದ್ದಂತೆಯೇ ಗೊತ್ತಾಯಿತು, ಮಾತು ಬಂತು, ಡಾಕ್ಟರ ದನಿ ಬರಲಿಲ್ಲ. ತಡೆದು ಮತ್ತೊಮ್ಮೆ ಅಂದೆ. ಈ ಸಲವೂ ನನ್ನದೇ ಕೊರಳು.

ಆಂಟಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದಾಯಿತು.

"ಅದು ನೀ ಅಂದಂಗಾತು," ಅಂದರು. "ಅವರು ಹೆಂಗ ಅಂದ್ರು?"

ನಾನು ಫೋನು ಹಿಡಿದುಕೊಂಡೇ ತಟ್ಟೆಯನ್ನೆತ್ತಿ ಮತ್ತೆ ಮೂಗಿನ ಹತ್ತಿರ ಹಿಡಿದೆ.