ಸುದ್ದಿ ಹೇಳಬಾರದ ಬಾನುಲಿ

ಮಂಗಳೂರಿನ ಒಂದು ಸಮುದಾಯ ಬಾನುಲಿಯಲ್ಲಿ ನಾನು ಭಾರತವಾಚನ ಮಾಡುತ್ತಿದ್ದಾಗ, ಗಾಜಿನಾಚೆ ಕುಳಿತು ಪ್ರಸಾರ ನಡೆಸುತ್ತಿದ್ದವರು ಮೀನುಗಾರ ಮನೆತನದ ಒಬ್ಬರು. ಇಂಥ ಕೇಂದ್ರಗಳು ಸ್ವಂತ ಸುದ್ದಿ ಬಿತ್ತರಿಸಬಾರದೆಂಬುದು ಸರ್ಕಾರದ ಕಟ್ಟಳೆ. ಆದ್ದರಿಂದ ಅವರ ಹೆಬ್ಬೆರಳು ಸದಾ ಧ್ವನಿ ತಡೆಯುವ ಗುಂಡಿಯ ಮೇಲಿರುತ್ತಿತ್ತು. ವ್ಯಾಖ್ಯಾನದ ನಡುವೆ ನಾನು ಊರಿನ ಮಾತೆತ್ತಿದರೆ, "ಸುದ್ದಿ ಬೇಡ ಮಾರಾಯ್ರೆ, ಲೈಸೆನ್ಸ್ ಹೋಗ್ತದೆ. ಕೌರವರದ್ದು ಎಷ್ಟು ಬೇಕಾದ್ರೂ ಹೇಳಿ" ಎಂದು ನಗುತ್ತಿದ್ದರು.

ಒಂದು ಮುಂಜಾನೆ, ಅವರ ತಮ್ಮನಿದ್ದ ದೋಣಿ ಕಡಲಲ್ಲಿ ಮುಳುಗಿತೆಂದೂ ಯಾರೂ ಉಳಿಯಲಿಲ್ಲವೆಂದೂ ಅವರಿಗೆ ಫೋನ್ ಬಂತು. ಎದ್ದು ಹೊರಡುವಷ್ಟರಲ್ಲಿ ನೇರಪ್ರಸಾರಕ್ಕೆ ಕೇಳುಗರೊಬ್ಬರ ಕರೆ ಬಂದಿತು. ಅದೇ ದೋಣಿಯಲ್ಲಿ ಹೋದವನೊಬ್ಬನ ಹೆಂಡತಿ.

"ನಮ್ಮವರ ದೋಣಿ ಇನ್ನೂ ಬರ್ಲಿಲ್ಲ ಅಣ್ಣಾ. ನಿಮಗೆ ಎಂತಾದ್ರೂ ಗೊತ್ತುಂಟಾ?"

ಅವರ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು, ಆದರೆ ಒತ್ತಲಿಲ್ಲ.

"ಇಲ್ಲಿ ಸುದ್ದಿ ಹೇಳುವ ಹಾಗಿಲ್ಲ ಅಕ್ಕಾ," ಎಂದರು. "ನೀವು ಬಂದರಿಗೆ ಬನ್ನಿ. ನಾನೂ ಅಲ್ಲಿಗೇ ಹೊರಟಿದ್ದೇನೆ."