ಮಳೆಗೆ ಜಾಗ ಬಿಟ್ಟ ಅಕ್ಕ

“ನಮ್ಮ ಹೊಲ ಪರಸಪ್ಪನ ಹೊಲಕ್ಕೆ ಹೋಗೈತೆ, ಬಂದು ನೋಡು.”

ಬೆಳಿಗ್ಗೆಯೇ ಅಕ್ಕನ ಫೋನು. ಸಿಟಿಯ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ನನಗೆ ಮೊದಲು ಹೊಳೆದದ್ದು ಒತ್ತುವರಿ, ಸರ್ವೇಯರ್. (ಸಿಟಿಯವರ ತಲೆ ಓಡುವುದೇ ಹಾಗೆ.) ಸ್ಕೂಟರ್ ಹತ್ತಿ, ಹರಿಹರ ದಾಟಿ, ಮಲೆಬೆನ್ನೂರಿನಾಚೆ ಗುಡ್ಡದ ಬುಡದಲ್ಲಿರುವ ಅವಳ ಹೊಲಕ್ಕೆ ಹೋದೆ.

ನೋಡಿದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಹಿಂದಿನ ಸಂಜೆಯ ಮಳೆ ಬದು ಒಡೆದು, ಮೇಲ್ಮಣ್ಣನ್ನೆಲ್ಲ ಕೆಳಗಿನ ಪರಸಪ್ಪನ ಹೊಲಕ್ಕೆ ಒಯ್ದಿತ್ತು. ಅಕ್ಕನ ಹೊಲದಲ್ಲಿ ಬರೀ ಕಲ್ಲು ಎದ್ದು ಕಾಣುತ್ತಿತ್ತು. ಅವನ ಮೆಕ್ಕೆಜೋಳದ ಎಳೆ ಸಸಿಗಳು ಕೆಸರಿನಡಿ ಹೂತಿದ್ದವು.

ಮೊದಲು ಮಳೆ ದಿನಗಟ್ಟಲೆ ಜಿನುಗುತ್ತಿತ್ತು, ಮಣ್ಣು ನಿಧಾನಕ್ಕೆ ಕುಡಿಯುತ್ತಿತ್ತು. ಈಗ? ವಾರಗಟ್ಟಲೆ ಬಿಸಿಲು, ಆಮೇಲೆ ಎಲ್ಲ ಒಂದೇ ತಾಸಿನಲ್ಲಿ. ಕಾದು ಗಟ್ಟಿಯಾದ ಮಣ್ಣು ಕುಡಿಯುವಷ್ಟರಲ್ಲಿ ನೀರು ಮಣ್ಣನ್ನೇ ಎತ್ತಿಕೊಂಡು ಓಡುತ್ತದೆ. ಕ್ಲೈಮೇಟ್ ಚೇಂಜ್ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು.

ಜಗಳ ಗ್ಯಾರಂಟಿ ಎಂದುಕೊಂಡೆ. ಆದರೆ ಅಕ್ಕ ಪರಸಪ್ಪ ಬರುವವರೆಗೆ ಕಾಯಲಿಲ್ಲ. ತಾನೇ ಅವನ ಮನೆಗೆ ನಡೆದಳು. ಹಿಂದೆ ನಾನು.

“ಪರಸಪ್ಪ, ನಿಮ್ಮ ಬೆಳೆ ನಮ್ಮ ಮಣ್ಣಾಗೆ ಹೂತೈತೆ. ಏನ್ ಮಾಡಾಣ ಹೇಳ್ರಿ.”

ಅವನು ಮೆಟ್ಟಿದ್ದ ಚಪ್ಪಲಿ ಬಿಟ್ಟು ಜಗುಲಿಯಲ್ಲಿ ಕೂತ. “ಬೈಯಾಣ ಅಂತ ಹೊಂಟಿದ್ದೆ ಅಕ್ಕಾರೆ. ನೀವೇ ಬಂದ್ಬಿಟ್ರಿ.”

“ಇಂಥ ಮಳೆ ಮತ್ತೆ ಬರ್ತೈತೆ. ಬರೀ ಬದು ಸಾಕಾಗಲ್ಲ. ನನ್ನ ಹೊಲದ ಕೆಳಗಿನ ಅಂಚಿಗೆ ಒಂದು ಪಟ್ಟಿ ಬಿಡ್ತೀನಿ. ಅಲ್ಲಿ ಗುಂಡಿ ತೋಡಿ, ಹುಲ್ಲು ಹಚ್ಚಾಣ.”

“ನಿಮ್ಮ ಜಾಗ ಹೋಗ್ತೈತಲ್ರಿ?”

“ಮಣ್ಣೇ ಹೋದ್ಮ್ಯಾಲೆ ಜಾಗ ಇಟ್ಕಂಡು ಏನ್ ಮಾಡ್ಲಿ?”

ಪರಸಪ್ಪ ಎದ್ದು ಟ್ರ್ಯಾಕ್ಟರ್ ತೆಗೆದ. ಬಾಚಲು ಸಿಕ್ಕ ಮಣ್ಣನ್ನು ಟ್ರೈಲರಿಗೆ ತುಂಬಿ ಅಕ್ಕನ ಹೊಲಕ್ಕೇ ಸುರಿದ. (ಅವನ ಹೊಲವನ್ನೂ ದಾಟಿ ಹಳ್ಳಕ್ಕೆ ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ.) ಅಕ್ಕ ಬಿಟ್ಟ ಪಟ್ಟಿಯ ಉದ್ದಕ್ಕೂ ಇಬ್ಬರೂ ಗುಂಡಿ ತೋಡಿದರು, ಹುಲ್ಲಿನ ಬುಡ ನೆಟ್ಟರು. ಆ ಒಳ್ಳೆಯ ಮಣ್ಣನ್ನು ಪರಸಪ್ಪ ತಾನೇ ಇಟ್ಟುಕೊಂಡಿದ್ದರೆ ಕೇಳುವವರು ಯಾರು?

ಹುಲ್ಲು ಬೇರು ಬಿಟ್ಟ ಮೇಲೆ ಮತ್ತೊಂದು ಜೋರು ಮಳೆ ಬಂತು. ಮರುದಿನ ಹೋಗಿ ನೋಡಿದೆ. ಬದು ಒಂದು ಕಡೆ ಕುಸಿದಿತ್ತು, ಇಬ್ಬರೂ ಸೇರಿ ಕಲ್ಲು ಜೋಡಿಸುತ್ತಿದ್ದರು. ಉಳಿದ ಕಡೆ ಮಣ್ಣು ಗುಂಡಿಯಲ್ಲೇ ನಿಂತಿತ್ತು. ಹುಲ್ಲಿನ ಸಂದಿಯಿಂದ ಇಳಿಯುವ ನೀರಿನಲ್ಲಿ ಮಣ್ಣಿನ ಕೆಂಪು ಕಡಿಮೆಯಾಗಿತ್ತು. ಅಕ್ಕ ಅದನ್ನು ಬೊಗಸೆಯಲ್ಲಿ ಎತ್ತಿ ನನಗೆ ತೋರಿಸಿದಳು. ಅವಳ ಮುಖದಲ್ಲಿ ಖುಷಿಯಿತ್ತು.

ಮಳೆಯ ವರಸೆ ಬದಲಾಯಿತೆಂದು ನಾವೆಲ್ಲ ಮಾತಾಡುತ್ತೇವೆ. ಅದಕ್ಕೆಂದು ಒಂದು ಪಟ್ಟಿ ಜಾಗ ಬಿಟ್ಟವರು ಎಷ್ಟು ಜನ?